ಡಿಶ್ ಹಿಡಿದು ಕೂತ ಓನರಮ್ಮ

ಮೊನ್ನೆ ಪಕ್ಕದ ಮನೆಯಿಂದ ಸಂಡಿಗೆ ಹಿಟ್ಟು ಕುದಿಯುವ ವಾಸನೆ ಬಂತು. ಇಂಗು, ಹಸಿಮೆಣಸಿನಕಾಯಿ, ಗಂಜಿ... ಬೇರೆಯವರಿಗಾದರೆ ಬಾಯಲ್ಲಿ ನೀರೂರಬೇಕು. ನಾನು ಎದ್ದು ಹೋಗಿ ಕಿಟಕಿಯಿಂದ ಆಕಾಶ ನೋಡಿದೆ. ಮೋಡ ಇರಲಿಲ್ಲ. ಆದರೂ ಇನ್ನೊಮ್ಮೆ ನೋಡಿದೆ. ಇಷ್ಟು ವರ್ಷವಾದರೂ ಆ ವಾಸನೆ ಬಂದರೆ ನನಗೆ ನಮ್ಮ ಓನರಮ್ಮ ನೆನಪಾಗುತ್ತಾರೆ, ಜೊತೆಗೆ ಭಯವೂ ಆಗುತ್ತದೆ.

ತೊಂಬತ್ತರ ದಶಕದ ನಡುವಿನ ಮಾತು. ವಿದ್ಯಾರಣ್ಯಪುರಂನಲ್ಲಿ ಅವರ ಮನೆಯ ಮಹಡಿಯಲ್ಲಿ ನಾನು, ನನ್ನ ಹೆಂಡತಿ ಬಾಡಿಗೆಗಿದ್ದೆವು. ಕೆಳಗೆ ಅವರು ಮತ್ತು ಟೀಚರ್ ಆಗಿದ್ದ ಅವರ ಮಗಳು. ಅರವತ್ತರ ಹತ್ತಿರದ ಹೆಂಗಸು, ಹಣೆ ತುಂಬ ವಿಭೂತಿ, ಗಟ್ಟಿ ದನಿ. ನಾನು ಕಾಲೇಜೊಂದರ ಫಿಸಿಕ್ಸ್ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಕೇಬಲ್‌ನವರೊಬ್ಬರು ಹಳೆಯದೆಂದು ಬಿಚ್ಚಿಹಾಕಿದ್ದ ಎಂಟಡಿ ಜಾಲರಿ ಡಿಶ್ಶೊಂದು ನನ್ನ ಕಣ್ಣಿಗೆ ಬಿದ್ದದ್ದೇ ಗ್ರಹಚಾರ. ಕೇಬಲ್ ಇಲ್ಲದೆ, ಯಾರ ಹಂಗೂ ಇಲ್ಲದೆ, ಆಕಾಶದಿಂದ ಪುಕ್ಕಟೆ ಬರುವ ಚಾನೆಲ್ಲುಗಳನ್ನು ನಾನೇ ಹಿಡಿಯಬೇಕು ಅನ್ನುವ ಹುಚ್ಚು ಹತ್ತಿತು.

ಓನರಮ್ಮ ಒಂದೇ ಷರತ್ತು ಹಾಕಿದರು. “ಏನಾದ್ರೂ ಮಾಡ್ಕಳಿ, ತಾರಸಿ ಮೋಲ್ಡಿಂಗಿಗೆ ಮಾತ್ರ ತೂತು ಹೊಡೀಬೇಡಿ ಕಣ್ರೀ. ಸೋರಕ್ಕೆ ಶುರುವಾದ್ರೆ ಶಿವನೇ ಗತಿ.” ಸರಿ ಎಂದೆ. ಬೋಲ್ಟು ಹಾಕಿ ಬಿಗಿಯಬೇಕಾದ್ದನ್ನು, ಒಂದು ಡ್ರಮ್ಮಿಗೆ ಕಾಂಕ್ರೀಟ್ ತುಂಬಿ, ಅದರಲ್ಲಿ ಪೈಪು ನಿಲ್ಲಿಸಿ, ಸುತ್ತ ಸೈಜುಗಲ್ಲು ಪೇರಿಸಿ ಕೂರಿಸಿದೆ. ಆವತ್ತಿನಿಂದ ನನ್ನ ನೆಮ್ಮದಿ ಹೋಯಿತು. ನಾನು ಮೊದಲೇ ಪುಕ್ಕಲ. ತೆಂಗಿನ ಗರಿ ಅಲ್ಲಾಡಿದರೂ ಸಾಕು, ಡಿಶ್ಶು ಹಾರಿಹೋಗಿ ಬೀದಿಯಲ್ಲಿ ಯಾರ ತಲೆ ಮೇಲೋ ಬಿದ್ದಂತೆ ಕಾಣುತ್ತಿತ್ತು.

ಸಿಗ್ನಲ್ ಹುಡುಕಿದ ಆ ಮೂರು ಭಾನುವಾರ... ಲ್ಯಾಬಿನ ಕೋನಮಾಪಕಕ್ಕೆ ದಾರ ಕಟ್ಟಿ, ತುದಿಗೆ ಒಂದು ನಟ್ಟು ಇಳಿಬಿಟ್ಟು, ಡಿಶ್ ಎಷ್ಟು ಮೇಲೆ ನೋಡುತ್ತಿದೆ ಎಂದು ಅಳೆಯುತ್ತಿದ್ದೆ. ಹೆಂಡತಿ ಟಿವಿ ಮುಂದೆ, ನಾನು ತಾರಸಿಯಲ್ಲಿ, ನಡುವೆ ಮೆಟ್ಟಿಲ ಮೇಲೆ ಓನರಮ್ಮ. ಯಾರೂ ಕರೆದಿರಲಿಲ್ಲ, ತಾವಾಗೇ ಬಂದು ನಿಂತಿದ್ದರು. ಹೆಂಡತಿ ಹೇಳಿದ್ದನ್ನು ಅವರು ಮೇಲಕ್ಕೆ ಕೂಗುವುದು: “ಬರೀ ಚುಕ್ಕಿ... ಚುಕ್ಕಿ... ಬಂತು ಬಂತು... ಅಯ್ಯೋ ಹೋಯ್ತಲ್ರೀ!” ಮೂರನೆಯ ಭಾನುವಾರ ಚಿತ್ರ ನಿಂತಿತು. ಯಾವ ದೇಶವೋ, ಯಾವ ಭಾಷೆಯೋ. ಹೆಂಗಸರು ಸಾಲಾಗಿ ಬಗ್ಗಿ ಭತ್ತ ನಾಟಿ ಮಾಡುತ್ತಿದ್ದರು. ಓನರಮ್ಮ ಟಿವಿ ಮುಂದೆ ನೆಲದ ಮೇಲೆ ಕೂತೇಬಿಟ್ಟರು. “ನೋಡ್ರೀ, ನಮ್ಮಂಗೇ ಹಿಂದಿಂದಕ್ಕೆ ಹೆಜ್ಜೆ ಇಡ್ತಾರೆ!” ಆಮೇಲೆ ಪ್ರತಿ ಭಾನುವಾರ ಹತ್ತು ಗಂಟೆಗೆ ಬಂದು, ಆ ಅರ್ಥವಾಗದ ಚಾನೆಲ್ ನೋಡಿಯೇ ಹೋಗುತ್ತಿದ್ದರು.

ನನಗೋ ನೋಡುವ ಸುಖಕ್ಕಿಂತ ಕಳೆದುಕೊಳ್ಳುವ ಭಯವೇ ಹೆಚ್ಚು. ಬಟ್ಟೆ ಒಣಗಿಸಲು, ಸಂಡಿಗೆ ಹಾಕಲು ಅವರು ತಾರಸಿಗೆ ಹೊರಟರೆ ಹಿಂದೆಯೇ ಓಡುತ್ತಿದ್ದೆ. “ಅಮ್ಮ, ಡಿಶ್ ಹುಷಾರು. ಒಂದು ನೂಲು ಅಲ್ಲಾಡಿದ್ರೂ ಮತ್ತೆ ಸಿಗೋದಿಲ್ಲ.” ದಿನಕ್ಕೆ ಹತ್ತು ಸಲ ಹೇಳಿದ್ದೇನೆ. ಒಮ್ಮೆ ಕೈಮುಗಿದೂ ಹೇಳಿದ್ದೆ. ಥೂ, ಈಗ ನೆನೆಸಿಕೊಂಡರೆ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ.

ಆ ಬೇಸಿಗೆ... ಹೆಂಡತಿ ತವರಿಗೆ ಹೋಗಿದ್ದಳು. ಕಾಲೇಜಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ. ಮಧ್ಯಾಹ್ನ ಮೂರರ ಹೊತ್ತಿಗೆ ಕಪ್ಪಗೆ ಮೋಡ ಕವಿಯಿತು, ಲ್ಯಾಬಿನ ಕಿಟಕಿಗಳೆಲ್ಲ ದಡಾರ್ ಎಂದು ಬಡಿದುಕೊಂಡವು. ಬೆಳಿಗ್ಗೆ ಓನರಮ್ಮ ವರ್ಷಕ್ಕಾಗುವಷ್ಟು ಸಂಡಿಗೆ ಹಾಕಿದ್ದನ್ನು ನೋಡಿಯೇ ಬಂದಿದ್ದೆ. ಮೋಡ ಕಂಡರೆ ಎತ್ತಲು ಹೋಗೇ ಹೋಗುತ್ತಾರೆ. ಅದೇ ಹೊತ್ತಿಗೆ ಡಿಶ್ ಉರುಳಿದರೆ? ಹೇಳದೆ ಕೇಳದೆ ಸೈಕಲ್ ಹತ್ತಿದೆ. ಎದುರುಗಾಳಿ, ಕಣ್ಣಿಗೆಲ್ಲ ದೂಳು, ಆಮೇಲೆ ಮಳೆ. ಡಿಶ್ ಹಾಳಾಗಿ ಹೋಗಲಿ, ಓನರಮ್ಮನಿಗೆ ಏನೂ ಆಗದಿರಲಿ ತಾಯೀ ಎಂದು ದಾರಿಯುದ್ದಕ್ಕೂ ಬೆಟ್ಟದ ಮೇಲಿನ ದೇವಿಯ ಗುಡಿಯ ಕಡೆ ತಿರುಗಿ ಹರಕೆ ಹೊತ್ತೆ.

ತಾರಸಿಗೆ ಓಡಿದೆ. ಡ್ರಮ್ಮು ವಾಲಿ, ಡಿಶ್ಶು ಮೋಟುಗೋಡೆಗೆ ಒರಗಿತ್ತು. ಅದರ ಅಂಚಿಗೂ ಗೋಡೆಗೂ ನಡುವೆ ಓನರಮ್ಮನ ಬಲಗೈ ಸಿಕ್ಕಿಕೊಂಡಿತ್ತು. ಎಡಗೈಯಲ್ಲಿ ಪೈಪು ತಬ್ಬಿಕೊಂಡು ಮಳೆಯಲ್ಲಿ ಕೂತಿದ್ದರು. ಸಂಡಿಗೆಯೆಲ್ಲ ಕರಗಿ ಗಂಜಿಯಾಗಿ ನೀರಿನ ಜೊತೆ ಹರಿಯುತ್ತಿತ್ತು. ಅವರು ಅದರ ಕಡೆ ಹೋಗಿಯೇ ಇರಲಿಲ್ಲ.

“ಬಂದ್ರಾ... ಅಲ್ಲಾಡಕ್ಕೆ ಬುಟ್ಟಿಲ್ಲ ಕಣ್ರೀ. ನೋಡ್ಕಳಿ.”

ಡಿಶ್ಶು ಆಕಾಶ ಬಿಟ್ಟು ನೆಲ ನೋಡುತ್ತಿತ್ತು. “ಇಲ್ಲ ಅಮ್ಮ, ಒಂದು ನೂಲೂ ಅಲ್ಲಾಡಿಲ್ಲ,” ಅಂದೆ.

ಮಣಿಕಟ್ಟಿನ ಮೂಳೆ ಮುರಿದಿತ್ತು. ಆಸ್ಪತ್ರೆಗೆ ಹೋಗೋಣ ಎಂದು ನಾನೂ ಅವರ ಮಗಳೂ ಗೋಗರೆದೆವು. ಕೇಳದೆ ನಾಟಿ ಕಟ್ಟು ಹಾಕಿಸಿಕೊಂಡರು. ಮೂಳೆ ಸೊಟ್ಟಗೆ ಕೂಡಿಕೊಳ್ಳುತ್ತಿದೆ ಎಂದು ನೋಡಿದರೇ ಗೊತ್ತಾಗುತ್ತಿತ್ತು. ನನ್ನನ್ನು ಅವರು ಬೈಯಲಿಲ್ಲ. ಬೈದಿದ್ದರೆ... ಎಷ್ಟೋ ಹಗುರಾಗುತ್ತಿತ್ತು. ಇನ್ನೊಂದು ಗಾಳಿ ಬಂದರೆ ಇನ್ನೇನಾಗುತ್ತದೋ ಎಂದು ದಿಗಿಲು. ಒಂದು ದಿನ ಅವರು ಕಟ್ಟು ಬಿಗಿಸಿಕೊಳ್ಳಲು ಹೋಗಿದ್ದ ಹೊತ್ತಿನಲ್ಲಿ ಗುಜರಿಯವನನ್ನು ಕರೆದು ಡಿಶ್ಶು, ಪೈಪು ಎಲ್ಲ ಸಾಗಿಸಿಬಿಟ್ಟೆ. ಇನ್ನು ಯಾರಿಗೂ ಅಪಾಯವಿಲ್ಲ, ನನ್ನ ಪಾಪವೂ ತೊಳೆದುಹೋಯಿತು ಅಂದುಕೊಂಡೆ.

ಭಾನುವಾರ ಹತ್ತು ಗಂಟೆಗೆ ಓನರಮ್ಮ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಮೆಟ್ಟಿಲು ಹತ್ತಿ ಬಂದರು. ಟಿವಿ ಮುಂದೆ ಕೂತರು. “ಹಾಕ್ರೀ, ಅವರ ಪೈರು ಎಷ್ಟುದ್ದ ಬಂತೋ ನೋಡಾಣ.”

ಡಿಶ್ ಗುಜರಿಗೆ ಹಾಕಿದೆ ಎಂದು ಹೇಳಿದೆ. ಅವರು ಎಡಗೈಯಿಂದ ಬಲಗೈಯ ಕಟ್ಟನ್ನು ಸರಿಮಾಡಿಕೊಂಡರು.

“ಕೊಟ್ಬುಡೋ ವಸ್ತು ಅಂತ ಮೊದಲೇ ಹೇಳ್ಬಾರದಾಗಿತ್ತಾ? ನಾನ್ಯಾಕೆ ಅಂಗೆ ಹಿಡ್ಕೊಂಡು ಕೂತಿರ್ತಿದ್ದೆ?”

ಎದ್ದು ಹೋದರು. ಮತ್ತೆ ಯಾವ ಭಾನುವಾರವೂ ಬರಲಿಲ್ಲ. ಎದುರು ಸಿಕ್ಕರೆ “ಊಟ ಆಯ್ತಾ” ಅನ್ನುತ್ತಿದ್ದರು, ಅಷ್ಟೇ. ಮುಂದಿನ ವರ್ಷ ನಾವು ಗೋಕುಲಂ ಕಡೆಗೆ ಮನೆ ಬದಲಾಯಿಸಿದೆವು. ಅವರು ತೀರಿಕೊಂಡದ್ದು ನನಗೆ ತಿಳಿಯುವ ಹೊತ್ತಿಗೆ ಶಿವಗಣಾರಾಧನೆಯೂ ಮುಗಿದಿತ್ತು. ಹೋಗಿ ಮಗಳನ್ನು ಮಾತಾಡಿಸಿಕೊಂಡು ಬಂದೆ. ಆ ಕೈಯಲ್ಲಿ ಕೊನೆಯವರೆಗೂ ಒಂದು ತಂಬಿಗೆ ನೀರು ಎತ್ತಲಾಗುತ್ತಿರಲಿಲ್ಲವಂತೆ.

ಈಗ ನಮ್ಮ ಮನೆಯ ಮೇಲೂ ಪುಕ್ಕಟೆ ಚಾನೆಲ್ಲಿನ ಡಿಶ್ ಇದೆ, ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡದು. ನಾಲ್ಕು ಬೋಲ್ಟು ಹಾಕಿ ಗೋಡೆಗೆ ಬಿಗಿದಿದ್ದೇನೆ. ಆದರೂ ಗಾಳಿ ಎದ್ದರೆ ಹೆಂಡತಿಗೆ, ಕೆಲಸದಾಕೆಗೆ, ಮನೆಗೆ ಬಂದ ನೆಂಟರಿಗೆ ಎಲ್ಲರಿಗೂ ಹೇಳುತ್ತೇನೆ: ಬಿದ್ದರೆ ಬೀಳಲಿ, ಯಾರೂ ಹೋಗಿ ಹಿಡಿಯಬೇಡಿ. “ಅದನ್ನ ಯಾರು ಹೋಗಿ ಹಿಡೀತಾರ್ರೀ?” ಎಂದು ಹೆಂಡತಿ ನಗುತ್ತಾಳೆ. ಹಿಡಿಯುವವರು ಒಬ್ಬರಿದ್ದರು. ಅವರಿಗೆ ಮಾತ್ರ ನಾನು ಹೇಳಿರಲಿಲ್ಲ.