ಕೆರೆಯಲ್ಲೊಂದು ಬಾಣಂತಿ ಮನೆ

ಹೋದ ವರ್ಷದ ಏಪ್ರಿಲ್ ತಿಂಗಳ ಸುಡು ಮಧ್ಯಾಹ್ನ. ಮೂಡುಬಿದಿರೆಯಲ್ಲಿ ಬಸ್ಸಿಳಿದು, ಗಂಟುಮೂಟೆ ಹೊತ್ತು, ಗಂಡನ ಹಿಂದೆ, ಅವನು ಗೊತ್ತು ಮಾಡಿದ್ದ ಬಾಡಿಗೆ ಮನೆಯ ಕಡೆ ನಡೆಯುತ್ತಿದ್ದೆ. ರಸ್ತೆ ತಿರುಗಿದ್ದೇ ತಡ, ಕಣ್ಣೆದುರು ನೀರು. ಎಲ್ಲಿ ನೋಡಿದರೂ ನೀರು. ನನಗೆ ಗಾಬರಿಯಾಯಿತು. "ಏನ್ರೀ, ಯಾವುದೋ ದೊಡ್ಡ ಪೈಪ್ ಒಡದೈತಿ ನೋಡ್ರಿ, ಯಾರಿಗಾರ ಹೇಳ್ರಿ" ಎಂದೆ. ಗಂಡ ನಡುರಸ್ತೆಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕ. "ಹುಚ್ಚೀ, ಕೆರಿ ಅದು!"

ನಗುವವರು ನಗಲಿ. ಹುನಗುಂದದ ಕಡೆಯ ನಮ್ಮೂರಿನವರಿಗೆ ನನ್ನ ಗಾಬರಿ ಅರ್ಥವಾಗುತ್ತದೆ, ಅವರಿಗೆಂದೇ ಇದನ್ನು ಬರೆಯುತ್ತಿದ್ದೇನೆ. ನಮ್ಮೂರಿಗೂ ಕೆರೆ ಇದೆಯಲ್ಲ. ಯುಗಾದಿ ಹೊತ್ತಿಗೆ ಅದರ ನಟ್ಟನಡುವೆ ಹುಡುಗರು ಸ್ಟಂಪು ನೆಟ್ಟು ಕ್ರಿಕೆಟ್ ಆಡುತ್ತಾರೆ. ಬೇಸಿಗೆಯ ಕೆರೆ ಎಂದರೆ ಬಿರುಕು ಬಿಟ್ಟ ಎರೆಮಣ್ಣು, ಅದರ ಮೇಲೆ ಕುರಿಗಳ ಹೆಜ್ಜೆ ಎಂದೇ ನಾನು ತಿಳಿದಿದ್ದೆ. ಇಲ್ಲಿ ಮೇ ತಿಂಗಳಲ್ಲೂ ತಾವರೆ ಅರಳಿರುತ್ತದೆ. ಆ ದಿನ ನಾನು ಕೆರೆದಂಡೆಯ ಮೇಲೆ ಗಂಟು ಇಳಿಸಿ, ಮನೆ ನೋಡುವ ಮೊದಲು ಕಾಲು ನೀರಿನಲ್ಲಿ ಇಳಿಬಿಟ್ಟು ಕೂತುಬಿಟ್ಟೆ.

ನನ್ನ ಗಂಡ ಶಿವಪ್ಪ ನೆಲಕ್ಕೆ ಟೈಲ್ಸ್ ಹಾಕುವವನು. ಇವತ್ತು ಬಂಟ್ವಾಳ, ನಾಳೆ ಬೆಳ್ತಂಗಡಿ, ಲಾಯಿಲ, ಎಲ್ಲಿ ಹೊಸ ಮನೆ ಏಳುತ್ತದೋ ಅಲ್ಲಿಗೆ ಬೆಳಿಗ್ಗೆ ಹೋಗಿ ಸಂಜೆ ಬರುತ್ತಾನೆ. ದುಬೈಯಲ್ಲಿ ದುಡಿಯುವವರ ಮನೆಗಳು. ಟೈಲ್ಸಿನಲ್ಲಿ ಮುಖ ಕಾಣಬೇಕಂತೆ. ನಾನು ಇಲ್ಲಿ ಓದಲು ಬಂದಿರುವ ನಮ್ಮ ಕಡೆಯ ಹುಡುಗರಿಗಾಗಿ ಖಾನಾವಳಿ ತೆರೆದೆ. ಖಾನಾವಳಿ ಎಂದರೆ ಇಲ್ಲಿನವರು ಕಣ್ಣು ಪಿಳಿಪಿಳಿ ಬಿಟ್ಟರು. ಬೋರ್ಡಿನ ಮೇಲೆ 'ರೊಟ್ಟಿ ಊಟ' ಎಂದು ಬರೆಸಿದ ಮೇಲೆ ತಿಳಿಯಿತು.

ಮೊದಲ ದಿನಗಳು ಸುಲಭವಾಗಿರಲಿಲ್ಲ. ನಮ್ಮಲ್ಲಿ ತಿಂಗಳುಗಟ್ಟಲೆ ಖಡಕ್ ಆಗಿ ನಿಲ್ಲುವ ರೊಟ್ಟಿ ಇಲ್ಲಿಯ ಗಾಳಿಗೆ ಸಂಜೆಯೊಳಗೆ ಒದ್ದೆ ಬಟ್ಟೆಯಾಗುತ್ತಿತ್ತು. ನೋಡಿ ನೋಡಿ ಅತ್ತಿದ್ದೇನೆ, ಸುಳ್ಳೇಕೆ ಹೇಳಲಿ. ಕುಚ್ಚಲಕ್ಕಿಯ ಅನ್ನವೋ, ಗೋಲಿಗಳನ್ನು ಬೇಯಿಸಿಟ್ಟಂತೆ. ಮಾತಿನ ಕಥೆ ಬೇರೆ. ನನ್ನ ಹತ್ತಿರ ಮಾತಾಡುವಾಗ ಪಾಠಪುಸ್ತಕದ ಕನ್ನಡ, ನಿಧಾನವಾಗಿ, ಒಂದೊಂದೇ ಪದ ಇಟ್ಟು. ತಮ್ಮತಮ್ಮೊಳಗೆ ತುಳು. ಪಕ್ಕದಲ್ಲಿ ನಗು ಕೇಳಿದರೆ ನನ್ನನ್ನೇ ಆಡಿಕೊಳ್ಳುತ್ತಿದ್ದಾರೆ ಎನ್ನಿಸುತ್ತಿತ್ತು. ನಮ್ಮಂಥವರಿಗೆ ಇಲ್ಲಿ ಒಂದು ಹೆಸರಿದೆ, ಗಟ್ಟದಕುಲು, ಘಟ್ಟದ ಮೇಲಿನವರು. ಅದು ಬೈಗುಳವಲ್ಲ ಎಂದು ಎಲ್ಲರೂ ಹೇಳುತ್ತಾರೆ. ಆದರೂ ಚುಚ್ಚುತ್ತದೆ.

ಮನೆಯ ಒಡತಿ ಜಲಜಕ್ಕ. ಎತ್ತರದ ಆಳು, ಗಟ್ಟಿ ದನಿ. ಒಂದು ದಿನ ರೊಟ್ಟಿ ಬಡಿಯುವ ಸದ್ದಿಗೆ ಓಡಿಬಂದು, "ಎಂತ ಮಾರಾಯ್ತಿ, ಗೋಡೆ ಒಡೀತಿದ್ದೀರಾ?" ಎಂದರು. ಬಿಸಿ ರೊಟ್ಟಿ ಕೈಗಿಟ್ಟೆ. ಮನೆಗೆ ಹೋಗಿ ಅದನ್ನು ಬಂಗುಡೆ ಮೀನಿನ ಸಾರಿನಲ್ಲಿ ಅದ್ದಿ ತಿಂದು, ಮರುದಿನ ಬಂದು ಹೊಗಳಿದರು. ನನ್ನ ರೊಟ್ಟಿಗೆ ಮೀನು! ಹುಟ್ಟಿದಾಗಿನಿಂದ ಮೀನು ಮುಟ್ಟದವಳು ನಾನು, ಮುಖ ಹಿಂಡಿದೆ. "ಒಳ್ಳೇದಾಗ್ತದೆ ನೀಲಕ್ಕ, ನೀವೂ ಒಮ್ಮೆ ತಿಂದು ನೋಡಿ" ಎಂದು ಇವತ್ತಿಗೂ ಕಾಡುತ್ತಾರೆ.

ಒಂಟಿತನಕ್ಕೆ ಮದ್ದಾಗಿದ್ದು ಕೆರೆ. ಬೆಳಿಗ್ಗೆ ಹುಡುಗರ ತಿಂಡಿ ಮುಗಿದ ಮೇಲೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹೋಗಿ ಕೂರುತ್ತೇನೆ. ಮೂಡಣಕ್ಕೆ ಘಟ್ಟದ ಸಾಲು ನೀಲಿಯಾಗಿ ನಿಂತಿರುತ್ತದೆ. ದಂಡೆಯ ಕಕ್ಕೆ ಮರ ಮೈತುಂಬ ಹಳದಿ ಹೂ ಹೊತ್ತು ನೀರಿನಲ್ಲಿ ತನ್ನನ್ನೇ ನೋಡಿಕೊಳ್ಳುತ್ತದೆ. ನೀರುಕಾಗೆ ರೆಕ್ಕೆ ಹರವಿಕೊಂಡು, ಹಗ್ಗಕ್ಕೆ ಹಾಕಿದ ಕರಿ ಅಂಗಿಯ ಹಾಗೆ, ಕೊಂಬೆಯ ಮೇಲೆ ಒಣಗುತ್ತಾ ನಿಲ್ಲುತ್ತದೆ. ಮಿಂಚುಳ್ಳಿ ನೀರಿಗೆ ಬಿದ್ದದ್ದು ಕಾಣುವುದರೊಳಗೆ ಮೀನು ಕಚ್ಚಿ ಎದ್ದಿರುತ್ತದೆ. ಮುಂಡುಕದ ಮುಳ್ಳುಪೊದೆಯಿಂದ ಎದೆ ಬಿಳಿ ಇರುವ ಕೋಳಿಯಂಥ ಹಕ್ಕಿ ಬಾಲ ಕುಣಿಸುತ್ತಾ ಹೊರಬರುತ್ತದೆ. ಅದನ್ನು ಕುಂಡಕೋರಿ ಎಂದು ಜಲಜಕ್ಕ ಕಲಿಸಿದರು. ಒಮ್ಮೆ ನನ್ನ ಕಾಲಡಿಯಿಂದಲೇ ಉಡವೊಂದು ಸರಿದುಹೋಯಿತು, ಬಟ್ಟೆ ಬಿಟ್ಟು ಓಡಿದೆ. ಸಂಜೆ ಬೆಳ್ಳಕ್ಕಿಗಳು ಒಂದೇ ಮರಕ್ಕೆ ಬಂದು ಜಾಗಕ್ಕಾಗಿ ಜಗಳ ತೆಗೆಯುತ್ತವೆ, ಥೇಟು ನಮ್ಮೂರ ಬಸ್ಸಿನಲ್ಲಿ ಸೀಟಿಗೆ ಕಿತ್ತಾಡುವ ಹಾಗೆ. ಇಂಥ ಬೇಸಿಗೆ ನಮ್ಮ ಕಡೆ ಯಾರು ಕಂಡಿದ್ದಾರೆ?

ಎಲ್ಲಕ್ಕಿಂತ ನನಗೆ ಹುಚ್ಚು ಹಿಡಿಸಿದ್ದು ಒಂದು ಪುಟ್ಟ ಹಕ್ಕಿ. ಕುತ್ತಿಗೆ ಕೆಂಪು, ಬಾಲವೇ ಇಲ್ಲ. ಇಲ್ಲಿ ಮುಳುಗಿದರೆ ಎಲ್ಲೋ ಏಳುತ್ತದೆ. ಗುಳುಮುಳುಕ ಎಂದು ಊಟಕ್ಕೆ ಬರುವ ಹುಡುಗನೊಬ್ಬ ಹೆಸರು ಹೇಳಿದ. ಈ ಬೇಸಿಗೆ ಅದರ ಜೋಡಿ ಒಗೆಯುವ ಕಲ್ಲಿನಿಂದ ಸ್ವಲ್ಪ ದೂರದಲ್ಲಿ, ನೀರಿನ ಮೇಲೆ ಕೊಳೆತ ಬಳ್ಳಿ ಗುಡ್ಡೆ ಹಾಕಿ ಗೂಡು ಮಾಡಿತು. ಹಕ್ಕಿ ಗೂಡು ಬಿಟ್ಟು ಇಳಿಯುವಾಗ ಮೊಟ್ಟೆಗಳ ಮೇಲೆ ಬಳ್ಳಿ ಎಳೆದು ಮುಚ್ಚುತ್ತದೆ. ಆಮೇಲೆ ನೋಡಿದರೆ ಬರೀ ಕಸ. ಸಾಕ್ಷಾತ್ ದೇವರು ಬಂದು ನೋಡಿದರೂ ಕಸವೇ.

ಅಲ್ಲೇ ತೊಂದರೆ ಶುರುವಾಯಿತು. ಈ ನಾಡಿನವರಿಗೆ ಕಸ ಕಂಡರೆ ಆಗುವುದಿಲ್ಲ. ಭಾನುವಾರ ಬಂತೆಂದರೆ ಯುವಕ ಮಂಡಲದ ಶ್ರಮದಾನ. ಬಸ್ ಸ್ಟ್ಯಾಂಡು, ಶಾಲೆ, ಸ್ಮಶಾನ, ಯಾವುದನ್ನೂ ಬಿಡುವುದಿಲ್ಲ. ಯಾರೂ ಕರೆಯದೆ, ಕೂಲಿ ಕೇಳದೆ, ಕತ್ತಿ ಹಿಡಿದು ಬಂದು ನಿಲ್ಲುವ ಇಂಥ ಹುಡುಗರನ್ನು ನಾನು ಬೇರೆಲ್ಲೂ ಕಂಡಿಲ್ಲ, ಆ ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಸಲ ಅವರ ಕಣ್ಣು ಕೆರೆಯ ಮೇಲೆ ಬಿತ್ತು. ಮಳೆಗೆ ಮುಂಚೆ ಬಳ್ಳಿಯೆಲ್ಲ ಕಿತ್ತು ನೀರು ಕನ್ನಡಿಯಾಗಬೇಕು. ಮಂಡಲದ ಅಧ್ಯಕ್ಷ ಜಲಜಕ್ಕನ ತಮ್ಮ ಪ್ರಶಾಂತಣ್ಣ ನನ್ನ ಖಾನಾವಳಿಗೇ ಬಂದು, "ನೀಲಕ್ಕ, ಭಾನುವಾರ ಶ್ರಮದಾನಕ್ಕೆ ನಿಮ್ಮದೇ ರೊಟ್ಟಿ ಆಗ್ಬೇಕು. ಹುಡುಗರೆಲ್ಲ ಕೇಳ್ತಿದ್ದಾರೆ" ಎಂದರು. ಊರು ನನ್ನನ್ನು ಕರೆದದ್ದು ಅದೇ ಮೊದಲು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಮರುಗಳಿಗೆಯೇ ಗೂಡು ನೆನಪಾಯಿತು. "ಅಣ್ಣಾರ, ಒಗಿಯೂ ಕಲ್ಲಿನ ಕಡಿಗೆ ಕೈ ಹಚ್ಚಬ್ಯಾಡ್ರಿ, ಅಲ್ಲಿ ಹಕ್ಕಿ ತತ್ತಿ ಇಟ್ಟೈತಿ" ಎಂದೆ.

"ಅಲ್ಲಿ ಎಂತದೂ ಇಲ್ಲ ಮಾರಾಯ್ರೆ, ಬರೀ ಕೊಳೆತ ಬಳ್ಳಿ. ನಾನೇ ನೋಡಿದ್ದೇನೆ."

"ಐತ್ರಿ. ನಾ ದಿನಾ ನೋಡತೀನಿ."

ಪ್ರಶಾಂತಣ್ಣ ಒಳ್ಳೆಯವರೇ. ಆದರೆ ಬ್ಯಾನರ್ ಅಚ್ಚಾಗಿತ್ತು, ಅತಿಥಿಗಳನ್ನು ಕರೆದಾಗಿತ್ತು. "ನಿಮ್ಮ ಊರಿನ ಕೆರೆಯಲ್ಲಿ ಬೇಸಿಗೆಗೆ ನೀರೇ ಇರುವುದಿಲ್ಲ ಅಂತ ನೀವೇ ಹೇಳ್ತೀರಿ. ಕೆರೆ ವಿಷಯ ನಮಗೆ ಬಿಡಿ, ಆಯ್ತಾ?" ಎಂದು ನಕ್ಕರು.

ಮೈಯೆಲ್ಲ ಉರಿಯಿತು. "ಹಂಗಾದ್ರ ರೊಟ್ಟಿನೂ ಬಿಡ್ರಿ" ಎಂದೆ. ಅವರು ಬೆಪ್ಪಾಗಿ ಹೊರಟುಹೋದರು. ಕೈಗೆ ಬಂದ ಮರ್ಯಾದೆಯನ್ನು ನಾನೇ ಒದ್ದಿದ್ದೆ, ಹಕ್ಕಿಯೂ ಉಳಿಯುವ ಹಾಗಿರಲಿಲ್ಲ. ಜಲಜಕ್ಕನ ಹತ್ತಿರ ಹೋದೆ. ಅವರು ತೆಂಗಿನಕಾಯಿ ತುರಿಯುತ್ತಾ, "ಅದು ಗಂಡಸರ ಮೀಟಿಂಗಲ್ಲಿ ಆದದ್ದು ನೀಲಕ್ಕ, ನಾನೆಂತ ಹೇಳುವುದು?" ಎಂದರು. ಅವತ್ತು ಸಂಜೆ ಗಂಡನಿಗೆ, ಊರಿಗೆ ಹೋಗಿಬಿಡೋಣ ಎಂದೆ.

ಆ ವಾರ ನನ್ನ ಅವ್ವ ಊರಿನಿಂದ ಬಂದಿದ್ದಳು. ಬಂದ ದಿನದಿಂದ ಇಲ್ಲಿನದೆಲ್ಲ ಪರರದು ಎಂದು ಒಂದೇ ಗೊಣಗಾಟ. ಮಂದಿ ಊರು, ಮಂದಿ ಮಾತು, ಮಂದಿ ನೀರು, ಊರಾಗ ನಿನಗೇನು ಕಡಿಮೆಯಾಗಿತ್ತು ಅಂತ ಇಲ್ಲಿಗೆ ಬಂದಿ? ಆದರೆ ಬೆಳಿಗ್ಗೆ ನನ್ನ ಜೊತೆ ಕೆರೆಗೆ ಬರುತ್ತಿದ್ದಳು. ಶನಿವಾರ ಹಕ್ಕಿ ಗೂಡಿನಿಂದ ಇಳಿಯುವ ಮುನ್ನ ಆತುರಾತುರವಾಗಿ ಬಳ್ಳಿ ಎಳೆದು ಮೊಟ್ಟೆ ಮುಚ್ಚಿದ್ದನ್ನು ಕಂಡು ಅವ್ವ ನನ್ನ ರಟ್ಟೆ ಹಿಡಿದಳು. "ಅಯ್ಯ ನಮ್ಮವ್ವಾ, ಕೌದಿ ಹೊಚ್ಚತೈತಲ್ಲ! ನೀಲೀ, ಬಾಣಂತಿ ಮನಿ ಐತಿ ಅದು." ಭಾನುವಾರದ ಸಂಗತಿ ಹೇಳಿದೆ. ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಆಕೆ ಹಾಗೆ ಸಿಕ್ಕಿಸಿದರೆ ನಮ್ಮ ಓಣಿಯಲ್ಲಿ ಎಲ್ಲರೂ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಭಾನುವಾರ ಬೆಳಿಗ್ಗೆ ಹುಡುಗರು ಕತ್ತಿ, ದೋಟಿ, ಟಯರಿನ ಟ್ಯೂಬು ಹಿಡಿದು ಬಂದರು. ಒಗೆಯುವ ಕಲ್ಲಿನ ಮೇಲೆ ಅವ್ವ ಇಳಕಲ್ ಸೀರೆಯುಟ್ಟು ಕೂತಿದ್ದಳು. ನೀರಿಗಿಳಿಯಲು ಅದೇ ದಾರಿ.

"ಅಜ್ಜಿ, ಸ್ವಲ್ಪ ಆಚೆ ಕೂತ್ಕೊಳ್ಳಿ, ನಮಗೆ ಇಳಿಯಲಿಕ್ಕುಂಟು" ಎಂದರು ಪ್ರಶಾಂತಣ್ಣ.

ಅವ್ವ ಅವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ತಮ್ಮಾ, ನಿನಗ ಮಕ್ಕಳಾಗ್ಯಾವೇನು?"

"ಹೌದಜ್ಜಿ, ಒಂದು ಹೆಣ್ಣು ಮಗು."

"ನಿನ್ನ ಹೇಂತಿ ಬಾಣಂತಿ ಇದ್ದಾಗ ಕಸಬರಿಗಿ ಹಿಡಕೊಂಡು ಆಕಿ ಕೋಣ್ಯಾಗ ಹೊಕ್ಕಿದ್ದೇನು?"

ಹುಡುಗರು ಹೋ ಎಂದು ನಕ್ಕರು. ಪ್ರಶಾಂತಣ್ಣನ ಕಿವಿ ಕೆಂಪಾಯಿತು. ಅವರ ಹೆಂಡತಿಯ ಬಾಣಂತನ ಮಾಡಿದ್ದೇ ಜಲಜಕ್ಕ. ಅವರು ಆಗ ತಾನೇ ಚಹಾದ ಪಾತ್ರೆ ಹೊರಿಸಿಕೊಂಡು ಬಂದಿದ್ದರು. "ಅಲ್ಲಿ ಹಕ್ಕಿ ಬಾಣಂತಿ ಕುಂತೈತಿ" ಎಂದು ಅವ್ವ ಬೆರಳು ತೋರಿಸಿದಳು. "ಎಲ್ಲಾರೂ ಸುಮ್ನ ಕುಂದರ್ರಿ. ಕಂಡರ ಹೋಗ್ರಿ, ಕಾಣದಿದ್ರ ನನ್ನನ್ನೂ ಕಿತ್ತು ಒಗೀರಿ."

ಅವ್ವನ ಭಾಷೆ ಅರ್ಧ ಹುಡುಗರಿಗೆ ತಿಳಿಯಲಿಲ್ಲ. ಜಲಜಕ್ಕ ಪಾತ್ರೆ ಕೆಳಗಿಡಿಸಿ ತುಳುವಿನಲ್ಲಿ ಒಂದು ಮಾತು ಹೇಳಿದರು. ಬಾಣಂತಿಗೆ ತುಳುವಿನಲ್ಲಿ ಪೆದ್ಮೆದಿ ಎನ್ನುತ್ತಾರೆ, ಆ ಪದ ಮಾತ್ರ ನನಗೆ ಸಿಕ್ಕಿತು. ಹುಡುಗರೆಲ್ಲ ಕತ್ತಿ ಬದಿಗಿಟ್ಟು ದಂಡೆಯ ಮೇಲೆ ಸಾಲಾಗಿ ಕೂತರು. ಬಿಸಿಲೇರಿತು. ಚಹಾ ಕುಡಿದಾಯಿತು. ಕಸದ ಗುಡ್ಡೆ ಕಸದ ಗುಡ್ಡೆಯಾಗಿಯೇ ಇತ್ತು. ಸಾಲಿನ ತುದಿಯಲ್ಲಿ ಯಾರೋ ಕಿಸಕ್ಕೆಂದರು. ಇಷ್ಟು ಜನರ ಗದ್ದಲಕ್ಕೆ ಹೆದರಿ ಅದು ಬಾರದೇ ಹೋದರೆ ಈ ಊರಿನಲ್ಲಿ ನಾನು ತಲೆಯೆತ್ತುವ ಹಾಗಿಲ್ಲ, ಅವ್ವನ ಜೊತೆ ನಾನೂ ಊರ ಬಸ್ಸು ಹತ್ತುವುದೇ ಎಂದುಕೊಂಡೆ.

ಆಗ ತಾವರೆ ಎಲೆಯ ಪಕ್ಕ ಗುಳುಕ್ಕೆಂದು ಒಂದು ಕೆಂಪು ಕುತ್ತಿಗೆ ಎದ್ದಿತು. ನಮ್ಮನ್ನು ನೋಡಿತು, ಮುಳುಗಿತು. ಗುಡ್ಡೆಯ ಪಕ್ಕ ಎದ್ದು, ಮೇಲೆ ಹತ್ತಿ, ಕೊಕ್ಕಿನಿಂದ ಬಳ್ಳಿಯನ್ನು ಆಚೆ ಈಚೆ ಎಸೆಯಿತು. ಬಿಸಿಲಿಗೆ ಮೊಟ್ಟೆಗಳು ಕಂಡವು. ಹಕ್ಕಿ ಮೈ ಅಗಲಿಸಿ ಮೆಲ್ಲಗೆ ಅವುಗಳ ಮೇಲೆ ಕೂತಿತು.

"ಅಯ್ಯೋ ದೇವರೇ" ಎಂದರು ಪ್ರಶಾಂತಣ್ಣ ಪಿಸುದನಿಯಲ್ಲಿ. ಆಮೇಲೆ ಎದ್ದು ನಿಂತು, ತಗ್ಗಿಸಿದ ದನಿಯಲ್ಲೇ, "ಈ ಬದಿ ಬೇಡ. ಆಚೆ ಬದಿ ಪ್ಲಾಸ್ಟಿಕ್ ಬೇಕಾದಷ್ಟು ಉಂಟು, ಅದನ್ನು ಹೆಕ್ಕುವ, ಬನ್ನಿ" ಎಂದರು. ಹೊಸ ಬ್ಯಾನರನ್ನು ಎರಡು ಬಿದಿರಿಗೆ ಕಟ್ಟಿ, ದನ ನಾಯಿ ಇಳಿಯದ ಹಾಗೆ ಗೂಡಿನ ದಾರಿಗೆ ಅಡ್ಡ ನಿಲ್ಲಿಸಿದರು. ಹೋಗುವಾಗ ನನ್ನ ಮುಂದೆ ಬಂದು, "ನೀಲಕ್ಕ, ಕೆರೆ ವಿಷಯ ಇನ್ನು ನಿಮಗೆ ಬಿಟ್ಟದ್ದು" ಎಂದರು. ಮನೆಗೆ ಓಡಿ ಒಲೆ ಹೊತ್ತಿಸಿದೆ. ಅವತ್ತು ನಾನು ಬಡಿದ ರೊಟ್ಟಿಯ ಸದ್ದು ಕೆರೆಯ ಆಚೆ ದಂಡೆಗೂ ಕೇಳಿಸಿತಂತೆ.

ಹೆಮ್ಮೆ ಎಂದರೆ ಹೆಮ್ಮೆಯೇ, ಮುಚ್ಚಿಡುವುದೇನು? ಮೊಟ್ಟೆ ಒಡೆದು ಮರಿಗಳು ಹೊರಬಂದಾಗ ಊರೇ ನೋಡಲು ಬಂತು. ಮೈಮೇಲೆ ಪಟ್ಟೆ ಪಟ್ಟೆ ಇರುವ ಮರಿಗಳು ತಾಯಿಯ ಬೆನ್ನೇರಿ, ರೆಕ್ಕೆಯಿಂದ ತಲೆ ಹೊರಗೆ ಹಾಕಿ, ಕೆರೆಯೆಲ್ಲ ಸುತ್ತಿದವು. ಅಳದಂಗಡಿಯಿಂದ ಬಂದ ನೆಂಟರಿಗೆ ಜಲಜಕ್ಕ ನನ್ನನ್ನು ತೋರಿಸಿ, "ಇವರು ನಮ್ಮ ನೀಲಕ್ಕ, ಕೆರೆಯವರು" ಎಂದರು. ಗಟ್ಟದಕುಲು ಎನ್ನಲಿಲ್ಲ.

ಮಳೆ ಹಿಡಿಯುವ ಮೊದಲು ಅವ್ವ ಊರಿಗೆ ಹೋದಳು. ನನ್ನನ್ನು ಕರೆಯಲಿಲ್ಲ, ನಾನೂ ಹೊರಡಲಿಲ್ಲ. ಆಮೇಲಿನ ಫೋನುಗಳಲ್ಲಿ ಅವಳು ಮೊದಲು ಕೇಳುವುದು ಹಕ್ಕಿಯ ಕ್ಷೇಮ, ಆಮೇಲೆ ನನ್ನದು. ಮೊನ್ನೆ ಫೋನಿನಲ್ಲಿ ಅವಳ ದನಿ ಕುಣಿಯುತ್ತಿತ್ತು.

"ನೀಲೀ, ನಮ್ಮ ಕೆರಿಗೆ ನೀರು ಬಂದೈತವ್ವಾ! ಎರಡು ಮುಳುಗೂ ಹಕ್ಕಿ ಬಂದಾವ. ಕೆಂಪು ಕುತ್ತಿಗಿ, ಥೇಟ್ ಅವಽ."

ನನಗೆ ತಡೆಯಲಾಗಲಿಲ್ಲ. ಹುಟ್ಟಿದೂರಿನ ಕೆರೆ ತುಂಬಿದ್ದನ್ನು ನಾನು ನೋಡುತ್ತಿಲ್ಲ. "ಅವ್ವಾ, ಹುಡುಗರು ಕಲ್ಲು ಒಗೀತಾವ, ನಾಯಿ ಇಳೀತಾವ. ನಾ ಬರ್ಲೇನು ಕಾಯಾಕ?" ಎಂದುಬಿಟ್ಟೆ.

"ನೀ ಯಾಕ ಬರತೀ? ನಾ ಅದೀನಲ್ಲ, ದಂಡಿ ಮ್ಯಾಗ ಕುಂತೀನಿ" ಎಂದಳು ಅವ್ವ. "ನೀ ನಿನ್ನ ಕೆರಿ ನೋಡ್ಕೊ."

ಮಂದಿ ನೀರು ಎಂದು ಗೊಣಗಿದವಳ ಬಾಯಿಂದ ಆ ಮಾತು ಕೇಳಲು ಎಷ್ಟು ಆಸೆಪಟ್ಟಿದ್ದೆ. ಈಗ ಕೇಳಿದೆ. ಫೋನು ಹಿಡಿದುಕೊಂಡೇ ಒಗೆಯುವ ಕಲ್ಲಿನ ಮೇಲೆ ಕೂತೆ. ಮುಂದೆ ಕೆರೆ ಅಂಚಿನವರೆಗೆ ತುಂಬಿತ್ತು. ಆ ಕಡೆಯಿಂದ ಅವ್ವ ಯಾರಿಗೋ "ಏ, ಕಲ್ಲು ಕೆಳಗಿಡು!" ಎಂದು ಗದರುವುದು ಕೇಳಿಸಿತು.