ಅಳಿಯನ ಹೆಸರು ಹೇಳದ ಮೈಕು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪೋರ್ಟ್ ಮೊರೆಸ್ಬಿಯ ಕ್ರಿಕೆಟ್ ಮೈದಾನದ ಮರದ ಅಟ್ಟದ ಮೇಲೆ ಗೇವಾ ಸಿಸಿಯಾ ಮೈಕು ಒರೆಸುತ್ತಾರೆ, "ಹಲೋ, ಹಲೋ" ಅನ್ನುತ್ತಾರೆ, ಎದ್ದು ಕಿಟಕಿಗೆ ಬಂದು ಗೇಟಿನ ಕಡೆ ನೋಡುತ್ತಾರೆ. ಹೋಗಿ ಕೂತು, ಒರೆಸಿದ ಮೈಕನ್ನೇ ಮತ್ತೆ ಒರೆಸುತ್ತಾರೆ. ಇವತ್ತು ಹೊಸ ಇಪ್ಪತ್ತು ಓವರಿನ ಲೀಗಿನ ಮೊದಲ ವರ್ಷದ ಫೈನಲ್. ಗೇವಾಗೆ ಅದರ ಕಡೆ ಗಮನವೇ ಇಲ್ಲ. ಬೀಗರ ಮನೆಯಿಂದ ಒಂದು ಪಾತ್ರೆ ವಾಪಸು ಬರಬೇಕು.

"ಕೂತ್ಕೊಳ್ಳಿ ಆಂಟಿ, ನಿಮ್ಮನ್ನ ನೋಡಿ ನನಗೇ ತಲೆ ಸುತ್ತುತ್ತಿದೆ" ಎಂದು ಸ್ಕೋರುಹಲಗೆಯ ರಾಕಾ ಕೆಳಗಿನಿಂದ ರೇಗಿಸುತ್ತಾನೆ.

"ಪಾತ್ರೆ ಬರ್ಲಿ, ಕೂರ್ತೀನಿ. ಖಾಲಿ ಬರ್ಲಿಲ್ಲ ಅಂದ್ರೆ ಇವತ್ತು ನೀನೇ ಮೇಲೆ ಬಂದು ಕೂಗು."

ಗೇವಾ ಪಕ್ಕದ ಹನುವಾಬಾದ ಎಂಬ ಊರಿನವರು. ಸಮುದ್ರದೊಳಗೆ ನೆಟ್ಟ ಕಂಬಗಳ ಮೇಲೆ ಮನೆ, ಮನೆಗಳ ನಡುವೆ ಹಲಗೆಯ ದಾರಿ. ಬೆಳಿಗ್ಗೆ ಮಾರುಕಟ್ಟೆಯಲ್ಲಿ ಮೀನು ಮಾರುತ್ತಾರೆ. ಕೂಗಿ ಕೂಗಿ ಪಳಗಿದ ಗಂಟಲು. ಹಿಂದೊಮ್ಮೆ ಊರ ಪಂದ್ಯದಲ್ಲಿ ಮೈಕು ಕೆಟ್ಟಾಗ ಮಾವಿನ ಮರದಡಿ ನಿಂತು ಸಂಜೆಯವರೆಗೂ ಸ್ಕೋರು ಕೂಗಿದರು. ಮೈಕು ರಿಪೇರಿಯಾದ ಮೇಲೂ ಜನ ಅವರನ್ನು ಬಿಡಲಿಲ್ಲ. ಅದಕ್ಕೆ ಸಿಗುತ್ತಿದ್ದದ್ದೇನು? ಮಧ್ಯಾಹ್ನಕ್ಕೊಂದು ತಟ್ಟೆ ಅನ್ನ, ಬಿಸಿಲು ಹೆಚ್ಚಿದ್ದರೆ ಒಂದು ಎಳನೀರು. "ಹಲಗೆ ದಾರಿ ತುದಿ ಮನೆಯವನು ಔಟು! ಅವ್ವ ಬೇಡ ಅಂದ ಹೊಡೆತಾನೇ ಹೊಡೆದ ನೋಡಿ!" ಎಂದು ಅವರು ಕೂಗಿದರೆ, ಔಟಾದವನೂ ನಗುತ್ತಲೇ ಆಚೆ ಹೋಗುತ್ತಿದ್ದ.

ಈ ವರ್ಷ ಲೀಗ್ ಬಂತು. ತಂಡಗಳಿಗೆ ಮಾಲೀಕರು ಬಂದರು, ಆಟಗಾರರ ಹರಾಜು ನಡೆಯಿತು. "ನಾನು ಮೀನು ಹರಾಜು ಹಾಕಿದ್ದೆ, ಹುಡುಗರನ್ನ ಹಾಕಿದ್ದು ನೋಡಿರಲಿಲ್ಲ" ಅನ್ನುತ್ತಾರೆ ಗೇವಾ. ಮೈಕಿಗೂ ಕಟ್ಟಳೆ ಬಂತು. ಬ್ಯಾಟು ಹಿಡಿದು ಬರುವ ಪ್ರತಿಯೊಬ್ಬನ ಪೂರ್ತಿ ಹೆಸರು ಹೇಳಬೇಕು, ಪ್ರತಿ ಸಿಕ್ಸರಿಗೂ ಲೀಗಿಗೆ ದುಡ್ಡು ಹಾಕಿದ ಡಬ್ಬಿ ಮೀನಿನ ಕಂಪನಿಗೆ ಜೈ ಅನ್ನಬೇಕು. ತಾಜಾ ಮೀನು ಮಾರುವ ಹೆಂಗಸಿನ ಬಾಯಲ್ಲಿ ಡಬ್ಬಿ ಮೀನಿನ ಹೊಗಳಿಕೆ! ಅದನ್ನೂ ಅವರು ನುಂಗಿಕೊಂಡರು.

ನುಂಗಲಾಗದ್ದು ಇನ್ನೊಂದಿತ್ತು. ಹಾರ್ಬರ್ ಶಾರ್ಕ್ಸ್ ತಂಡದ ಆರಂಭದ ಆಟಗಾರ ಮೊರಿಯಾ ಹೆಬೋ, ಗೇವಾ ಅವರ ಒಬ್ಬಳೇ ಮಗಳು ಕೋನಿಯೋಳ ಗಂಡ. ಅವರ ಊರಲ್ಲಿ ಅತ್ತೆ ಅಳಿಯನ ಹೆಸರೆತ್ತುವುದುಂಟೇ? ಅಳಿಯನೂ ಅತ್ತೆಯ ಹೆಸರೆತ್ತುವುದಿಲ್ಲ. ಊರ ಪಂದ್ಯಗಳಲ್ಲಿ "ಮಗಳ ಮನೆಯವರು ಬಂದ್ರು" ಅಂದರೆ ಸಾಕಿತ್ತು. ಬ್ರಿಸ್ಬೇನಿನಿಂದ ಬಂದ ಲೀಗಿನ ಮ್ಯಾನೇಜರ್ ಕ್ರೇಗ್‌ಗೆ ಅದು ಸಾಲಲಿಲ್ಲ.

"ಅದೊಂದು ಹೆಸರು ಹೇಳೋಕೆ ಏನು ಕಷ್ಟ?"

"ನಿಮಗೆ ಅದು ಹೆಸರು ಬಾಸ್. ನನಗೆ ಮಗಳ ಸಂಸಾರ."

"ಹೇಳಲ್ಲ ಅಂದ್ರೆ ಬೇರೆಯವರನ್ನ ಕರೆಸಬೇಕಾಗುತ್ತೆ."

ಮೊದಲ ಪಂದ್ಯದ ದಿನ ಬಂತು. "ಶಾರ್ಕ್ಸ್ ತಂಡದಿಂದ ಮೊದಲು ಬರ್ತಿರೋರು..." ಎಂದವರು ಮೈಕಿನಿಂದ ಬಾಯಿ ತೆಗೆದು ಸುಮ್ಮನೆ ಕೂತರು. ಆಮೇಲೆ ಹನುವಾಬಾದದ ಜನ ಕೂತಿದ್ದ ಕಡೆಯಿಂದ, ತಗಡು ಬಡಿಯುತ್ತ, ಒಂದೇ ಗಂಟಲಲ್ಲಿ "ಮೊರಿಯಾ ಹೆಬೋ!" ಎಂಬ ಕೂಗು ಬಂತು. ಟೀವಿಯವರು ಕುಣಿದಾಡಿಬಿಟ್ಟರು. ಮರುದಿನ ಕ್ರೇಗ್ ಓಡಿ ಬಂದ. ಎಲ್ಲ ಆಟಗಾರರಿಗೂ ಹೀಗೇ ಮಾಡಿ ಅಂದ.

"ಅವರೆಲ್ಲ ನನಗೆ ಅಳಿಯಂದಿರಾ ಬಾಸ್? ಇರೋಳು ಒಬ್ಬಳೇ ಮಗಳು!"

ಅಲ್ಲಿಂದ ಎಲ್ಲ ಸಲೀಸಾಗಿತ್ತು, ಸೆಮಿಫೈನಲ್‌ವರೆಗೆ. ಅವತ್ತು ವೇಗದ ಚೆಂಡೊಂದು ಪುಟಿದೆದ್ದು ಮೊರಿಯಾನ ಹೆಲ್ಮೆಟ್ಟಿಗೆ ಬಡಿಯಿತು. ಹೆಲ್ಮೆಟ್ಟು ಸೀಳಿ, ಆತ ಕುಸಿದುಬಿದ್ದ. ಮೈಕು ಗೇವಾ ಅವರ ಬಾಯ ಹತ್ತಿರವೇ ಇತ್ತು.

"ಮೊರಿಯಾ!"

ಇಡೀ ಮೈದಾನಕ್ಕೆ ಕೇಳಿಸಿತು. ಬಿದ್ದವನನ್ನು ಬಿಟ್ಟು ಜನ ಅಟ್ಟದ ಕಡೆ ತಿರುಗಿದರು. "ಮಗಳ ಮನೆಯವರು ಎದ್ದು ನಿಂತು ಮೊದಲು ಈ ಕಡೆ ನೋಡಿದ್ರಂತೆ. ನನಗೇನು ಗೊತ್ತು? ನಾನು ಮೇಜಿನ ಕೆಳಗೆ ಸೇರ್ಕೊಂಡಿದ್ದೆ" ಎಂದು ನಗಲು ಹೋಗುತ್ತಾರೆ ಗೇವಾ. ನಗು ಅರ್ಧಕ್ಕೇ ನಿಲ್ಲುತ್ತದೆ. ಬಾಯಿ ತಪ್ಪಿತಲ್ಲ ಎಂಬ ಸಂಕಟ ಇನ್ನೂ ಆರಿಲ್ಲ.

ಇಂಥ ತಪ್ಪಿಗೆ ಊರಲ್ಲಿ ದಾರಿಯೊಂದಿದೆ. ಅಡುಗೆ ಮಾಡಿ ಬೀಗರ ಮನೆಗೆ ಕಳಿಸಬೇಕು. ಪಾತ್ರೆ ಖಾಲಿಯಾಗಿ ಬಂದರೆ ತಪ್ಪು ಕಳೆಯಿತು. ತುಂಬಿದ್ದು ತುಂಬಿದ ಹಾಗೇ ಬಂದರೆ ಆ ಮನೆ ಬಾಗಿಲು ಮುಚ್ಚಿತು, ಮಗಳು ನಡುವೆ ಸಿಕ್ಕಿಕೊಂಡಳು. ಬೀಗಿತ್ತಿ ಬೋಯಿಯೋ ಸಾಮಾನ್ಯದವರಲ್ಲ. "ನನ್ನ ಮಗನ ಹೆಸರನ್ನ ಊರಿಗೆಲ್ಲಾ ಕೂಗಿದ್ಳಲ್ಲ, ಟೀವಿಲೂ ಬಂತಲ್ಲ!" ಎಂದು ಹಲಗೆ ದಾರಿಯುದ್ದಕ್ಕೂ ಹೇಳಿಕೊಂಡು ಓಡಾಡಿದ್ದಾರೆ. ನಿನ್ನೆ ಸಂಜೆ ಗೇವಾ ತೆಂಗಿನಹಾಲಲ್ಲಿ ಬೇಯಿಸಿದ ಮೀನು, ಬಾಳೆಕಾಯಿ, ಸಾಬಕ್ಕಿಯ ಮುದ್ದೆ ಕಳಿಸಿದರು. ಕತ್ತಲಾಗುವ ಹೊತ್ತಿಗೆ ಕೋನಿಯೋ ಫೋನು ಮಾಡಿದಳು: "ಅವ್ವಾ, ಅತ್ತೆ ಇನ್ನೂ ಮುಚ್ಚಳಾನೇ ತೆಗ್ದಿಲ್ಲ."

ಈಗ, ಬಿಸಿಲೇರುವ ಹೊತ್ತಿಗೆ, ಗೇಟಿನಲ್ಲಿ ಶಾರ್ಕ್ಸ್ ತಂಡದ ಬಸ್ಸು ನಿಲ್ಲುತ್ತದೆ. ಮೊರಿಯಾ ಇಳಿಯುತ್ತಾನೆ. ಹೆಗಲಲ್ಲಿ ಕಿಟ್ಟು, ಕೈಯಲ್ಲಿ ಬಟ್ಟೆ ಕಟ್ಟಿದ ಪಾತ್ರೆ.

"ಭಾರ ಇದ್ದ ಹಾಗಿದೆಯೇನೋ, ನೋಡೋ ರಾಕಾ!" ಗೇವಾ ಕಿಟಕಿಯಿಂದ ಸರಿದು ಗೋಡೆಗೆ ಒತ್ತಿ ನಿಲ್ಲುತ್ತಾರೆ.

ಮೊರಿಯಾ ಪಾತ್ರೆಯನ್ನು ಮೆಟ್ಟಿಲ ಬುಡದಲ್ಲಿಟ್ಟು, ಪಿಚ್ಚಿನ ಕಡೆ ಮುಖ ಮಾಡಿಕೊಂಡು, ಅಟ್ಟಕ್ಕೆ ಕೇಳುವಷ್ಟು ಗಟ್ಟಿಯಾಗಿ ರಾಕಾನಿಗೆ ಹೇಳುತ್ತಾನೆ: "ಮೇಲಿರೋರಿಗೆ ಹೇಳಿಬಿಡಣ್ಣ. ಉಪ್ಪು ಸ್ವಲ್ಪ ಕಮ್ಮಿಯಾಗಿತ್ತಂತೆ. ನಮ್ಮವ್ವ ಹೇಳಿದ್ರು."

ರಾಕಾ ಬಟ್ಟೆ ಬಿಚ್ಚಿ ಪಾತ್ರೆ ಬೋರಲು ಹಾಕಿ ತೋರಿಸುತ್ತಾನೆ. ಒಂದು ಮುಳ್ಳೂ ಬೀಳುವುದಿಲ್ಲ.

"ಉಪ್ಪು ಕಮ್ಮಿ ಅಂತ ಗೊತ್ತಾಗೋಕೆ ಪಾತ್ರೆ ಪೂರ್ತಿ ಬಳೀಬೇಕಾಯ್ತಂತಾ ಆಕೆಗೆ?" ಗೇವಾ ನಗುತ್ತಾರೆ, ಅಳುತ್ತಾರೆ, ಮೈಕು ಒರೆಸುವ ಬಟ್ಟೆಯಲ್ಲೇ ಮೂಗು ಒರೆಸಿಕೊಳ್ಳುತ್ತಾರೆ. ಬೆಳಗಿನಿಂದ ಮೊದಲ ಸಲ ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ.

ಕ್ರೇಗ್ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬರುತ್ತಾನೆ. ಈ ವರ್ಷ ಅಟ್ಟದಿಂದಲೇ ಲೀಗಿಗೆ ಹೆಸರು ಬಂತು ಅನ್ನುತ್ತಾನೆ. ಮುಂದಿನ ವರ್ಷಕ್ಕೆ ಏನು ಬೇಕು ಕೇಳಿ ಆಂಟಿ, ಹೊಸ ಮೈಕು ತರಿಸಲಾ ಅನ್ನುತ್ತಾನೆ.

"ಮೈಕು ಇದೇ ಸಾಕು ಬಾಸ್" ಅನ್ನುತ್ತಾರೆ ಗೇವಾ. "ಮಗಳ ಮನೆಯವರಿಗೊಂದು ಗಟ್ಟಿ ಹೆಲ್ಮೆಟ್ಟು ಕೊಡ್ಸಿ. ನನ್ನ ಬಾಯಿ ನಾನು ಕಾಯ್ಕೋತೀನಿ."