ಬೆಟ್ಟದ ನೆತ್ತಿಯಲ್ಲಿ ಕೇಳಿದ ನನ್ನ ದನಿ

ದೆವ್ವ, ಶಕುನ, ಮುನ್ಸೂಚನೆ ಇಂಥವುಗಳ ಮಾತು ಬಂದರೆ ನಾನು ಎದ್ದು ಕಾಫಿ ಮಾಡಲು ಹೋಗುತ್ತಿದ್ದವಳು. ನಂಬುವವರ ಮೇಲೆ ಕೋಪವೇನೂ ಇರಲಿಲ್ಲ, ಆ ಮಾತು ಕೇಳಲು ಬೇಸರವಿತ್ತು, ಅಷ್ಟೇ. ಹಾಗಾಗಿ ಇದನ್ನು ಬರೆಯಲು ನನಗೇ ಸಂಕೋಚ. ನೀವು ನಕ್ಕರೂ ಬೇಜಾರಿಲ್ಲ, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನನ್ನ ಗಂಡ ಶಶಿ ಎಲೆಕ್ಟ್ರಿಕಲ್ ಎಂಜಿನಿಯರ್. ಮದುವೆಯಾದ ಹೊಸದರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿದ್ದೆವು. ಅವನು ಎರಡು ವಾರ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ. ಆಮೇಲೆ ಬ್ರಿಸ್ಬೇನ್‌ಗೆ ಬಂದು ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಲ್ಲಿ ಮನೆ ಮಾಡಿದೆವು. ಒಂದು ಚಳಿಗಾಲ ಹಿಮ ನೋಡಲೆಂದು ವಿಕ್ಟೋರಿಯಾದ ಬೆಟ್ಟಗಳ ನಡುವಿನ ಪುಟ್ಟ ಸ್ಕೀ ಊರೊಂದಕ್ಕೆ ಹೋದಾಗ ಶಶಿಗೆ ಆ ಊರಿನ ಹುಚ್ಚು ಹಿಡಿಯಿತು. ಸ್ಕೀ ಲಿಫ್ಟ್‌ಗಳ ವೈರಿಂಗ್ ನೋಡಿಕೊಳ್ಳುವ ಕೆಲಸ ಖಾಲಿಯಿದೆ ಎಂದು ತಿಳಿದು ಅರ್ಜಿ ಹಾಕಿಯೇಬಿಟ್ಟ. ನನ್ನ ಆಫೀಸು ಬ್ರಿಸ್ಬೇನ್‌ನ ಫೋರ್ಟಿಟ್ಯೂಡ್ ವ್ಯಾಲಿಯಲ್ಲಿ, ಅವರು ಎಲ್ಲಿಂದ ಬೇಕಾದರೂ ಕೆಲಸ ಮಾಡು ಎಂದರು. ತಪ್ಪಿಸಿಕೊಳ್ಳಲು ನೆವವೇ ಉಳಿಯಲಿಲ್ಲ.

ನೋಡಲು ಹೋಗುವುದು ಬೇರೆ, ಬದುಕುವುದು ಬೇರೆ. ಬೇಸಿಗೆಯಲ್ಲಿ ಸೈಕಲ್ಲಿನವರು ಬರುತ್ತಿದ್ದರು, ಎಲೆ ಕೆಂಪಾಗುವ ಕಾಲಕ್ಕೆ ಕ್ಯಾಮೆರಾದವರು, ಚಳಿಗಾಲದಲ್ಲಂತೂ ಕಾಲಿಡಲು ಜಾಗವಿರುತ್ತಿರಲಿಲ್ಲ. ನಡುವಿನ ವಾರಗಳಲ್ಲಿ ಅಂಗಡಿಗಳೆಲ್ಲ ಮುಚ್ಚಿ ಮಂಜು ಕಿಟಕಿಯ ತನಕ ಬಂದು ನಿಲ್ಲುತ್ತಿತ್ತು. ಕನ್ನಡ ಮಾತಾಡಲು ಶಶಿ ಬಿಟ್ಟರೆ ಗೋಡೆ. ಕರಿಬೇವು ಮುಗಿದರೆ ಗಂಟೆಗಟ್ಟಲೆ ಕಾರು ಓಡಿಸಬೇಕು. ನನಗೆ ಅಲ್ಲಿ ಉಸಿರು ಕಟ್ಟುತ್ತಿತ್ತು, ಮುಚ್ಚಿಡುವುದೇನು.

ಸ್ನೇಹ ಅಂತ ಆದದ್ದು ಅಡಿಲೇಡ್‌ನ ಗಂಡಹೆಂಡತಿ ಕ್ರೇಗ್ ಮತ್ತು ಜೆನ್ನಿಯ ಜೊತೆ ಮಾತ್ರ. ಕ್ರೇಗ್ ಶಶಿಯ ಜೊತೆಯೇ ಕೆಲಸ ಮಾಡುತ್ತಿದ್ದ. ಜೆನ್ನಿ ನನ್ನ ಉಪ್ಪಿಟ್ಟಿಗೆ ಟೊಮೇಟೊ ಸಾಸ್ ಸುರಿದುಕೊಂಡು ತಿನ್ನುತ್ತಿದ್ದಳು. ಅದನ್ನೂ ಸಹಿಸಿಕೊಂಡಿದ್ದೆ.

ಶಶಿ ಮೈಸೂರಿನವನು. ಬೇರೆಲ್ಲ ಬಿಟ್ಟರೂ ಅವರಮ್ಮನ ಒಂದು ಕಟ್ಟಳೆಯನ್ನು ಬಿಟ್ಟಿರಲಿಲ್ಲ. ಹೊರಟವರನ್ನು ಹಿಂದಿನಿಂದ ಕೂಗಬಾರದು. ಯಾರಾದರೂ ಕೂಗಿದರೆ ಹೊರಟವರು ನಿಂತು, ಕೂತು, ಒಂದು ಗುಟುಕು ನೀರು ಕುಡಿದೇ ಮುಂದೆ ಹೋಗಬೇಕು. ಪರ್ತ್‌ನಲ್ಲಿ ಒಮ್ಮೆ ನಾನು ಕೂಗಿದ್ದಕ್ಕೆ ಏರ್‌ಪೋರ್ಟಿನ ಟ್ಯಾಕ್ಸಿಯಿಂದ ಇಳಿದು ಬಂದು, ಸೋಫಾದಲ್ಲಿ ಕೂತು ನೀರು ಕುಡಿದು ಹೋಗಿದ್ದ. ನಿಮ್ಮಮ್ಮನ ಶಾಸ್ತ್ರಕ್ಕೆ ವೀಸಾ ಕೊಟ್ಟವರು ಯಾರು ಎಂದು ರೇಗಿಸುತ್ತಿದ್ದೆ.

ಆ ದಿನ ಬೆಳಿಗ್ಗೆ ನಮ್ಮಿಬ್ಬರಿಗೂ ಜಗಳವಾಗಿತ್ತು. ಬ್ರಿಸ್ಬೇನ್‌ಗೆ ವಾಪಸ್ ಹೋಗೋಣ ಎಂದು ನಾನು, ಇನ್ನೊಂದು ಸೀಸನ್ ಇರೋಣ ಎಂದು ಅವನು. ಮುಖ ಊದಿಸಿಕೊಂಡೇ ಹೊರಟ. ಬೆಟ್ಟದ ನೆತ್ತಿಯಲ್ಲಿ ಗಾಳಿಯ ವೇಗ ಅಳೆಯುವ ಕಂಬ ಕೆಟ್ಟಿತ್ತು, ಅವನೂ ಕ್ರೇಗೂ ನಡೆದೇ ಹೋಗಬೇಕಿತ್ತು. ಅವನು ಅಂಗಳ ದಾಟುವಾಗ ಊಟದ ಡಬ್ಬಿ ಅಡುಗೆಕಟ್ಟೆಯ ಮೇಲೇ ಉಳಿದಿರುವುದು ಕಂಡಿತು. ‘ಶಶಿ, ಡಬ್ಬಿ ಬಿಟ್ಟಿದ್ದೀಯ’ ಎಂದು ಕೂಗಲು ಕಿಟಕಿ ತೆರೆದವಳು ಹಾಗೆಯೇ ಸುಮ್ಮನಾದೆ. ಕೂಗಿದರೆ ತಿರುಗಿ ಬಂದು ಕೂರುತ್ತಾನೆ, ಜಗಳ ಮತ್ತೆ ಮೊದಲಾಗುತ್ತದೆ. ಹಸಿದುಕೊಂಡಿರಲಿ ಎಂದು ಕಿಟಕಿ ಮುಚ್ಚಿ ಕೆಲಸಕ್ಕೆ ಕೂತೆ. ಮೀಟಿಂಗ್ ಮೇಲೆ ಮೀಟಿಂಗ್ ಇದ್ದದ್ದರಿಂದ ಕುರ್ಚಿ ಬಿಟ್ಟು ಏಳಲೂ ಆಗಲಿಲ್ಲ.

ಸಂಜೆಯ ಹೊತ್ತಿಗೆ ರಕ್ಷಣಾ ತಂಡದವರು ಶಶಿಯೊಬ್ಬನನ್ನೇ ಮನೆಗೆ ಕರೆತಂದರು. ಬೆಟ್ಟದ ಅಂಚಿನಲ್ಲಿ ಗಾಳಿಗೆ ಹಿಮ ಸೂರಿನ ಹಾಗೆ ಆಚೆಗೆ ಚಾಚಿಕೊಂಡಿರುತ್ತದೆ, ಅದರ ಕೆಳಗೆ ನೆಲವಿರುವುದಿಲ್ಲ. ಮಂಜಿನಲ್ಲಿ ಅಂಚು ತಿಳಿಯದೆ ಕ್ರೇಗ್ ಅದರ ಮೇಲೆ ಕಾಲಿಟ್ಟಿದ್ದ. ಮಾರನೆಯ ದಿನ ಕಣಿವೆಯಲ್ಲಿ ಅವನ ದೇಹ ಸಿಕ್ಕಿತು.

ಮನೆಗೆ ಬಂದ ಆ ಸಂಜೆ ಹೀಟರ್ ಮುಂದೆ ಕೂತಿದ್ದ ಶಶಿ ನನ್ನ ಕಡೆ ತಿರುಗಿದ.

“ನೀನು ಅಷ್ಟು ದೂರ ಹೇಗ್ ಬಂದೆ?”

ನನಗೆ ಅರ್ಥವಾಗಲಿಲ್ಲ. ಮನೆಬಿಟ್ಟು ಕದಲಿಲ್ಲ ಎಂದೆ.

“ಸುಳ್ ಹೇಳ್ಬೇಡ. ನನ್ ಹಿಂದೇನೇ ನಿಂತ್ಕೊಂಡು ಕೂಗ್ದೆ. ಶಶಿ, ಡಬ್ಬಿ ಬಿಟ್ಟಿದ್ದೀಯ ಅಂತ.”

ಆ ಕೂಗು ಕೇಳಿ ಅವನು ತಿರುಗಿ ನೋಡಿದನಂತೆ. ಮಂಜು ಬಿಟ್ಟರೆ ಏನೂ ಇಲ್ಲ. ಆದರೂ ಅಭ್ಯಾಸ ಬಿಡಬೇಕಲ್ಲ, ಬ್ಯಾಗನ್ನು ಕೆಳಗಿಟ್ಟು ಅದರ ಮೇಲೆ ಕೂತು ನೀರಿನ ಬಾಟಲಿ ತೆಗೆದ. ಕ್ರೇಗ್‌ಗೆ ಏನೂ ಕೇಳಿಸಿರಲಿಲ್ಲ. ಶಶಿಯ ಈ ಶಾಸ್ತ್ರ ಅವನಿಗೂ ಗೊತ್ತಿತ್ತು. ನಕ್ಕು, ಕಂಬದ ಹತ್ತಿರ ಸಿಗೋಣ ಎಂದು ಮುಂದೆ ನಡೆದ. ಶಶಿ ಬಾಟಲಿಯ ಮುಚ್ಚಳ ಹಾಕುವಷ್ಟರಲ್ಲಿ ಎದುರಿಗೆ ಯಾರೂ ಇರಲಿಲ್ಲ.

ಅಂಥ ಮಂಜಿನಲ್ಲಿ ಕಿವಿ ಮೋಸ ಮಾಡುತ್ತದೆ ಎಂದು ಡಾಕ್ಟರ್ ಹೇಳಿದರು. ಹಸಿವಾದಾಗ ಡಬ್ಬಿ ನೆನಪಾಗಿ, ಆ ನೆನಪೇ ಹೆಂಡತಿಯ ದನಿಯಲ್ಲಿ ಕೇಳಿಸಿರಬೇಕು. ಇರಬಹುದು. ನಾನೂ ಹಾಗೇ ನಂಬಲು ನೋಡಿದೆ. ಆದರೆ ಕಿಟಕಿಯ ಬಳಿ ನಾನು ನುಂಗಿಕೊಂಡ ಮಾತು ಒಂದಕ್ಷರವೂ ಬದಲಾಗದೆ ಅವನಿಗೆ ಕೇಳಿದ್ದು ಹೇಗೆ? ಇದನ್ನು ಶಶಿಗೆ ಹೇಳಿದಾಗ ಅವನು ಎದ್ದು ಬೇರೆ ಕೋಣೆಗೆ ಹೋದ. ಅವನ ಮಟ್ಟಿಗೆ ಕೂಗಿದವಳು ನಾನೇ ಆಗಿರಬೇಕು. ಇಲ್ಲದಿದ್ದರೆ ಕ್ರೇಗ್ ಹೋಗಿ ತಾನು ಉಳಿದದ್ದನ್ನು ಅವನು ತಾಳಲಾರ.

ನಾವು ಬ್ರಿಸ್ಬೇನ್‌ಗೆ ಮರಳಿದೆವು, ಜೆನ್ನಿ ಅಡಿಲೇಡ್‌ಗೆ. ಕಳೆದ ವರ್ಷ ಆಫೀಸಿನ ಕೆಲಸಕ್ಕೆ ಅಲ್ಲಿಗೆ ಹೋದವಳು ಅವಳನ್ನು ನೋಡಲು ಹೋದೆ. ಕೂಗಿನ ವಿಷಯವನ್ನು ಶಶಿ ಅವಳಿಗೆ ಆಗಲೇ ಹೇಳಿದ್ದ. ಟೀ ತಣ್ಣಗಾಗುವ ತನಕ ಅವಳು ತೋಟದ ಮಾತು, ನಾಯಿಯ ಮಾತು ಆಡಿದಳು. ನಾನು ಹೊರಟಾಗ ಬಾಗಿಲ ತನಕ ಬಂದು, ತನ್ನ ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದಳು.

“ಶಶಿಯನ್ನು ಕೂಗಿದೆಯಲ್ಲ, ಕ್ರೇಗ್‌ನನ್ನೂ ಒಂದು ಸಲ ಕೂಗಬಾರದಿತ್ತಾ?”

ನಾನು ಯಾರನ್ನೂ ಕೂಗಲಿಲ್ಲ ಎನ್ನಬೇಕಿತ್ತು. ಅದೇ ನಿಜ. ಆದರೆ ಅವಳ ಮುಖ ನೋಡಿದಾಗ ಬಾಯಿಂದ ಬಂದದ್ದು ಸಾರಿ ಎಂಬ ಒಂದೇ ಮಾತು. ಅವಳು ತಲೆಯಾಡಿಸಿ ಬಾಗಿಲು ಹಾಕಿಕೊಂಡಳು. ಶಶಿಯನ್ನು ಕೂಗಿದವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕ್ರೇಗ್‌ನನ್ನು ಕೂಗದೆ ಬಿಟ್ಟವಳು ಮಾತ್ರ ನಾನು ಎಂದು ಒಪ್ಪಿಕೊಂಡು ಬಂದಿದ್ದೇನೆ.